ಹಲ್ಲು ತಾಗಿಸಬಾರದ ವೈರು

"ಈ ಕಾರಿನ ವೈರೆಲ್ಲಾ ಬಿಚ್ಚು, ಎಲ್ಲಾ ಹೊಸದು ಹಾಕು. ಆ ಕಪ್ಪು ಬಟ್ಟೆ ಸುತ್ತಿದ ವೈರಿಗೆ ಮಾತ್ರ ಹಲ್ಲು ತಾಗಿಸ್ಬೇಡ ತಮ್ಮಾ. ಅದರ ತುದೀಲಿರೋ ತಗಡೂ ಅಲ್ಲೇ ಇರಲಿ," ಎಂದ ಬೊಚ್ಚುಬಾಯಿ ಅಜ್ಜ.

ವೈರಿಂಗಿನವನಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿ ಒಂದೂ ಹಲ್ಲಿಲ್ಲದವನು ಹಲ್ಲಿನ ವಿಷಯದಲ್ಲಿ ಬುದ್ಧಿ ಹೇಳುತ್ತಿದ್ದಾನೆ. ಹಳೆಯ ಕಾರುಗಳನ್ನೇ ರಿಪೇರಿ ಮಾಡುವ ಅಜ್ಜನ ಗ್ಯಾರೇಜಿಗೆ ಅವನು ಸೇರಿ ಹದಿನೈದು ದಿನವಾಗಿತ್ತಷ್ಟೆ. ಕೆಲಸದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಬೇರೆಯವರು ಪ್ಲಯರ್ ಹುಡುಕುವಷ್ಟರಲ್ಲಿ ಇವನು ವೈರನ್ನು ಹಲ್ಲಲ್ಲಿ ಕಚ್ಚಿ, ಸಿಪ್ಪೆ ಸುಲಿದು, ಪಕ್ಕಕ್ಕೆ ಉಗಿದಿರುತ್ತಿದ್ದ.

ಅಜ್ಜ ತಗ್ಗಿದ ದನಿಯಲ್ಲಿ ಕಾರಿನ ಕತೆ ಹೇಳಿದ. ಅದರ ಮೊದಲ ಯಜಮಾನನಿಗೆ ಒಡಹುಟ್ಟಿದ ಅಣ್ಣನೇ ಮಾಟ ಮಾಡಿಸಿದ್ದನಂತೆ. ಪೆಟ್ರೋಲ್ ಮೀಟರಿನ ವೈರಿನೊಳಗೆ ಸತ್ತವರ ಕೂದಲು ಸೇರಿಸಿ ಬಟ್ಟೆ ಸುತ್ತಿದ್ದರಂತೆ. ಅದಕ್ಕೆ ಯಾರ ಎಂಜಲು ತಾಗುತ್ತದೋ ಅವರ ಆಯುಸ್ಸನ್ನೇ ಮೀಟರು ಪೆಟ್ರೋಲೆಂದು ಕುಡಿಯುತ್ತದೆ. ಆಮೇಲೆ ಬಂದ ಮಂತ್ರವಾದಿಗೆ ಮಾಟ ತೆಗೆಯಲಾಗಲಿಲ್ಲ. ಅಕ್ಷರ ಕೊರೆದ ತಾಮ್ರದ ತಗಡಿಗೆ ಅದನ್ನು ಕಟ್ಟಿಹಾಕಿ ಹೋದ.

"ಹಂಗಾದ್ರೆ ಯೋಚನೆ ಬಿಡಿ ಅಜ್ಜ," ಎಂದ ವೈರಿಂಗಿನವನು. "ಮೂವತ್ತೊಂದು ನನಗೆ. ಟ್ಯಾಂಕ್ ಫುಲ್ ಇದೆ."

ಅಜ್ಜ ನಗಲಿಲ್ಲ. ಅಷ್ಟರಲ್ಲಿ ಊಟದ ಕ್ಯಾರಿಯರ್ ಹಿಡಿದು ಎಂದಿನ ಹೆಂಗಸು ಬಂದಳು. ದುಂಡು ಮುಖ, ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲ. ದಿನವೂ ಬಿಸಿಯೂಟ ತರುವ ಮಗಳಿರಬೇಕಾದರೆ ಪುಣ್ಯ ಮಾಡಿರಬೇಕು ಎಂದು ವೈರಿಂಗಿನವನು ಹೊಗಳಿದ. ಅವಳು ತಲೆ ತಗ್ಗಿಸಿದಳು. ತಾನು ಬರುವವರೆಗೆ ಡ್ಯಾಶ್‌ಬೋರ್ಡಿಗೆ ಕೈ ಹಾಕಬೇಡವೆಂದು ಹೇಳಿ ಅಜ್ಜ ಅವಳ ಜೊತೆ ಶೆಡ್ಡಿನ ಹಿಂದಕ್ಕೆ ಹೋದ.

ಕಾಯುವಷ್ಟು ತಾಳ್ಮೆ ಇವನಿಗೆಲ್ಲಿ? ಮನೆಯಲ್ಲಿ ಆರು ವರ್ಷದ ಮಗಳ ಮುಂದಿನ ಹಲ್ಲು ಎರಡು ದಿನದಿಂದ ಅಲ್ಲಾಡುತ್ತಿತ್ತು. ಅಪ್ಪ ಬಂದ ಮೇಲೇ ಕೀಳಿಸಿಕೊಳ್ಳುತ್ತೇನೆ, ಬೇರೆ ಯಾರೂ ಮುಟ್ಟಕೂಡದು ಎಂದು ಹಟ ಹಿಡಿದಿದ್ದಳು. ಬೇಗ ಬರುತ್ತೇನೆಂದು ಅವಳ ತಲೆ ಮುಟ್ಟಿ ಮಾತು ಕೊಟ್ಟು ಬಂದಿದ್ದ. ಇದೊಂದು ಕೆಲಸ ಮುಗಿದರೆ ಹೊರಡಬಹುದು.

ಬ್ಯಾಟರಿ ಬಿಚ್ಚಿ ನೆಲಕ್ಕಿಟ್ಟ. ಸೀಟಿನ ಮೇಲೆ ಅಂಗಾತ ಮಲಗಿ ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಗ್ಗತ್ತಲು. ಹಳೇ ರಬ್ಬರಿನ ವಾಸನೆ, ಇಲಿಹಿಕ್ಕೆಯ ವಾಸನೆ, ಅವೆರಡರ ಹಿಂದೆ ಕೂದಲು ಸುಟ್ಟ ಕಮಟು. ಟಾರ್ಚ್ ಹಾಕಿದ. ಕಪ್ಪು ವೈರು ಕಂಡಿತು. ಮೀಟರಿನ ಬೆನ್ನಿನಿಂದ ಹೊರಟ ಅದರ ತುದಿ ತಗಡೊಂದಕ್ಕೆ ಬಿಗಿದಿತ್ತು. ತಗಡು ಕಾರಿನ ಮೈಗೆ ಎಲ್ಲೂ ತಾಗದೆ ದಾರದಲ್ಲಿ ನೇತಾಡುತ್ತಿತ್ತು. ಕಾರಿನ ಮೈಗೆ ಕೂಡದ ಅರ್ಥಿಂಗ್ ವೈರು! ಮೀಟರು ಸತ್ತು ಬಿದ್ದಿರುವುದು ಇದಕ್ಕೇ. ಮಾಟವಂತೆ, ಮಣ್ಣಂತೆ. ಇಂಥ ತಪ್ಪನ್ನು ಕಂಡೂ ಹಾಗೇ ಬಿಟ್ಟರೆ ಅವನಿಗೆ ನಿದ್ದೆ ಬರುವುದಿಲ್ಲ.

ತಗಡನ್ನು ಕಿತ್ತು ಬಾಗಿಲಾಚೆ ಎಸೆದ. ವೈರಿನ ತುದಿಯನ್ನು ಬಾಯಿಗಿಟ್ಟು ಕಚ್ಚಿ ಎಳೆದ.

ತಾಮ್ರದ ರುಚಿಯಲ್ಲ. ಉಪ್ಪುಪ್ಪು, ಬೆಚ್ಚಗೆ. ಹಲ್ಲಿನ ಸಂದಿಯಲ್ಲಿ ಉದ್ದನೆಯ ಕೂದಲೊಂದು ಸಿಕ್ಕಿಕೊಂಡಿತ್ತು. ಥೂ ಎಂದು ಉಗಿದ. ವೈರನ್ನು ಕಾರಿನ ಮೈಗೆ ಕೂಡಿಸಿ, ಮೈಯ ಬಲವೆಲ್ಲ ಹಾಕಿ ನಟ್ಟು ಬಿಗಿದು, ಎದ್ದು ಕೂತ.

ಟಿಕ್.

ಪೆಟ್ರೋಲ್ ಮೀಟರಿನ ದೀಪ ಹತ್ತಿತು. ಬ್ಯಾಟರಿ ನೆಲದ ಮೇಲಿತ್ತು. ಮುಳ್ಳು ಮೆಲ್ಲನೆ ಮೇಲೇರಿ ಫುಲ್ಲಿಗೆ ಬಂದು ನಿಂತಿತು. ಆಮೇಲೆ ಇಳಿಯತೊಡಗಿತು.

ಮೊದಲು ಮಂಡಿ ನೋಯಿತು. ಬೆನ್ನು ಬಾಗಿತು. ಬಾಯೊಳಗೆ ಏನೋ ಉರುಳಿತು. ಅಂಗೈಗೆ ಉಗಿದ. ಹಲ್ಲು. ಇನ್ನೊಂದು. ಮತ್ತೊಂದು. ಮುಳ್ಳು ಮುಕ್ಕಾಲು ದಾಟಿತು. ಸ್ಪ್ಯಾನರ್ ಹಿಡಿದು ಕೆಳಗೆ ಬಗ್ಗಿದ. ನಟ್ಟು ಜಗ್ಗಲಿಲ್ಲ. ಪ್ರಾಯದ ಕೈ ಬಿಗಿದ ನಟ್ಟು. ಈಗ ಅದನ್ನು ಹಿಡಿದಿದ್ದ ಕೈಯಲ್ಲಿ ಚರ್ಮ ಜೋತಿತ್ತು. ಅಜ್ಜಾ ಎಂದು ಕೂಗಿದ. ಬರೀ ಗಾಳಿ ಬಂತು. ಎಸೆದ ತಗಡು ಬಾಗಿಲಾಚೆ ಎಲ್ಲೂ ಕಾಣಲಿಲ್ಲ. ಮುಳ್ಳು ಅರ್ಧಕ್ಕೆ ಇಳಿಯಿತು. ಹಾರ್ನ್ ಒತ್ತಿದ. ಬ್ಯಾಟರಿಯಿಲ್ಲದ ಕಾರು ಶೆಡ್ಡು ನಡುಗುವಂತೆ ಕೂಗಿತು, ಕೂಗಿದಷ್ಟೂ ಮುಳ್ಳು ದಬಕ್ಕನೆ ಕುಸಿಯಿತು. ಕೈ ತೆಗೆದ. ಒತ್ತಿದರೆ ಬೇಗ ಸಾವು. ಒತ್ತದಿದ್ದರೆ ಯಾರೂ ಬರುವುದಿಲ್ಲ. ಮಗಳ ಅಲ್ಲಾಡುವ ಹಲ್ಲು ಕಣ್ಣ ಮುಂದೆ ಬಂತು. ಮತ್ತೆ ಒತ್ತಿದ. ಕಣ್ಣು ಮಂಜಾಯಿತು. ಇನ್ನೊಮ್ಮೆ ಒತ್ತಿದ.

ತೊಳೆದ ಒದ್ದೆ ಕೈಯಲ್ಲೇ ಅಜ್ಜ ಓಡಿ ಬಂದ. ಕಾರಿನಡಿ ಬಿದ್ದಿದ್ದ ತಗಡನ್ನು ಆ ಹೆಂಗಸು ಹುಡುಕಿ ಕೊಟ್ಟಳು. ಅಜ್ಜ ಬಗ್ಗಿ ಅದನ್ನು ವೈರಿಗೆ ಒತ್ತಿ ಹಿಡಿದು, ಅವಳು ಸ್ಪ್ಯಾನರ್ ಹಾಕಿ ನಟ್ಟು ಬಿಚ್ಚಿದ ಮೇಲೆ ದಾರ ಸುತ್ತಿ ಕಟ್ಟಿದ. ದೀಪ ಆರಿತು. ಮುಳ್ಳು ಖಾಲಿಗಿಂತ ಒಂದು ಗೆರೆ ಮೇಲೆ ನಿಂತಿತು.

ವೈರಿಂಗಿನವನು ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡ. ಬಿಳಿ ತಲೆ, ಗುಳಿಬಿದ್ದ ಕೆನ್ನೆ, ಬೊಚ್ಚುಬಾಯಿ. ಹೋದದ್ದು ತಿರುಗಿ ಬರುತ್ತದೆಯೇ ಎಂದು ತೊದಲಿದ.

"ಬರಲ್ಲ," ಎಂದ ಅಜ್ಜ. "ನಾನೂ ನಿನ್ನ ಹಾಗೇ ನಕ್ಕಿದ್ದೆ ತಮ್ಮಾ. ನನಗೆ ಈಗ ನಲವತ್ತೆರಡು. ಇವಳು ನನ್ನ ಮಗಳಲ್ಲ, ಹೆಂಡತಿ."

ಹೆಂಗಸು ಸೆರಗಿನಿಂದ ವೈರಿಂಗಿನವನ ಬಾಯಿಯ ರಕ್ತ ಒರೆಸಿದಳು. ಅವಳಿಗೆ ಆ ಕೆಲಸ ಹೊಸದಲ್ಲವೆಂದು ತಿಳಿದಾಗ ಅವನಿಗೆ ಅಳು ಬಂತು.

ಕೊಟ್ಟ ಮಾತು ತಪ್ಪಬಾರದೆಂದು ಮನೆಗೆ ಹೊರಟ. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು. ಆದರೂ ಬಿಸಿಲು ಇಳಿಯುವ ಮೊದಲೇ ಮುಟ್ಟಿದ. ಬಾಗಿಲು ತಟ್ಟಿದ. ಒಳಗೆ ಪುಟ್ಟ ಕಾಲುಗಳು ಓಡಿ ಬರುವ ಸದ್ದಾಯಿತು.

ಬಾಗಿಲು ತೆರೆದ ಮಗಳು ಅವನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಅಲ್ಲಾಡುವ ಹಲ್ಲಿನ ಮೇಲೆ ಬೆರಳಿಟ್ಟುಕೊಂಡೇ ಹೇಳಿದಳು:

"ಅಪ್ಪ ಇನ್ನೂ ಬಂದಿಲ್ಲ ತಾತ. ನಾನೂ ಅವರಿಗೇ ಕಾಯ್ತಾ ಇದ್ದೀನಿ."