ಸೀಟಿ ಊದಿದ ಮೇಲಿನ ಮೂರು ಸೆಕೆಂಡು

"ಎಲ್ಲರೂ ಒಳಗೆ! ಓಡಿ, ಓಡಿ!"

ಮಿಂಚು ಕಂಡಿತ್ತು. ಸೈರನ್ ಕೂಗಿದ ಎರಡೇ ನಿಮಿಷದಲ್ಲಿ ತೊಂಬತ್ತು ಹುಡುಗರು, ಏಳು ಮಂದಿ ಕೋಚ್‌ಗಳು ಒಳಗೆ ಓಡಿಹೋದರು. ಮೈದಾನ ಪೂರ್ತಿ ಖಾಲಿ!

ಪೂರ್ತಿ ಅಂದರೆ ತಪ್ಪಾಗುತ್ತದೆ. ನಲವತ್ತು ಅಡಿ ಎತ್ತರದಲ್ಲಿ, ಕಬ್ಬಿಣದ ಲಿಫ್ಟಿನ ತುದಿಯಲ್ಲಿ, ಕ್ಯಾಮೆರಾ ತಬ್ಬಿಕೊಂಡು ರೊಸೆಲಾ ನಿಂತಿದ್ದಳು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಆಟವನ್ನು ಮೇಲಿನಿಂದ ಚಿತ್ರಿಸುವುದು ಅವಳ ಕೆಲಸ. ಕೆಳಗಿಳಿಯುವ ಗುಂಡಿ ಒತ್ತಿದಳು. ಲಿಫ್ಟ್ ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು. ಊಹೂಂ.

'ಯಾರಾದರೂ ಬಂದೇ ಬರುತ್ತಾರೆ' ಎಂದುಕೊಂಡಳು.

ಹತ್ತು ನಿಮಿಷವಾಯಿತು. ಯಾರೂ ಬರಲಿಲ್ಲ. ಮೇಲೆ ಒಬ್ಬಳಿದ್ದಾಳೆ ಎನ್ನುವುದೇ ಯಾರಿಗೂ ನೆನಪಿರಲಿಲ್ಲ! ಮಳೆ ಸುರಿಯತೊಡಗಿತು, ಗಾಳಿಗೆ ಲಿಫ್ಟ್ ತೂಗಾಡಿತು. ಅವಳಿಗೆ ಅಳು ಬಂದದ್ದು ಭಯಕ್ಕಲ್ಲ, ತಾನು ಯಾರಿಗೂ ನೆನಪಾಗಲಿಲ್ಲವಲ್ಲ ಎಂದು.

ಆಗ ಬಾಗಿಲು ತಳ್ಳಿಕೊಂಡು ಒಬ್ಬ ಓಡಿ ಬಂದ. ಬೆನ್ನ ಮೇಲೆ ಇಪ್ಪತ್ತೇಳು ಎಂಬ ಸಂಖ್ಯೆ.

"ಏಯ್! ಇನ್ನೂ ಮೇಲೇ ಇದ್ದೀಯಾ?"

"ಇಲ್ಲ, ಮನೇಲಿ ಐಸ್ ಟೀ ಕುಡೀತಾ ಕೂತಿದ್ದೀನಿ!" ಅಳುತ್ತಲೇ ಕೂಗಿದಳು.

ಅವನು ಆ ಮಳೆಯಲ್ಲೂ ನಕ್ಕುಬಿಟ್ಟ.

"ಬುಡದಲ್ಲಿ ಕೆಂಪು ಹಿಡಿ ಇದೆ, ಎಳಿ!" ಎಂದಳು ಮೇಲಿನಿಂದಲೇ. " ನಿಧಾನ... ನಿಧಾನ!"

ಲಿಫ್ಟ್ ಬುಸುಗುಡುತ್ತ ಕೆಳಗಿಳಿಯಿತು. ನೆಲ ಮುಟ್ಟಿದ ಕೂಡಲೇ ರೊಸೆಲಾ ಹೊರಕ್ಕೆ ಹಾರಿ ಕೆಸರಿನಲ್ಲಿ ಜಾರಿದಳು. ಅವನು ತೋಳು ಹಿಡಿದುಕೊಂಡ.

"ನಾನು ಡೆಮೆರಿಕ್."

"ಗೊತ್ತು." ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಅಂದ್ರೆ... ನಂಬರ್ ಗೊತ್ತು. ನಾನು ರೊಸೆಲಾ."

"ಎರಡು ವಾರದಿಂದ ನಮ್ಮ ತಲೆ ಮೇಲೇ ಕೂತಿದ್ದೀಯ, ಒಬ್ರೂ ಹೆಸರು ಕೇಳಿಲ್ಲ ನೋಡು," ಎಂದ ಡೆಮೆರಿಕ್. ಅವನ ದನಿಯಲ್ಲಿ ನಿಜವಾದ ನಾಚಿಕೆಯಿತ್ತು.

ಅಷ್ಟೇ. ಅಷ್ಟಕ್ಕೇ ಈ ಹುಚ್ಚು ಹುಡುಗಿ ಮನಸ್ಸು ಕೊಟ್ಟುಬಿಟ್ಟಳು!

ಕೊಡದೆ ಏನು ಮಾಡಿಯಾಳು? ಅವಳ ಅಮ್ಮ ದೂರದೂರದ ರಾಜ್ಯಗಳಿಗೆ ಲಾರಿ ಓಡಿಸುವವಳು. ಇವತ್ತು ಒಕ್ಲಹೋಮಾದಿಂದ ಫೋನು, ನಾಳೆ ಒಹಾಯೊದಿಂದ. ಹಾಸ್ಟೆಲಿನಲ್ಲಿ ಜೊತೆಗಿದ್ದವಳು ಕಾಲೇಜು ಬಿಟ್ಟು ಹೋಗಿದ್ದಳು. ಮಿಸಿಸಿಪ್ಪಿಯ ಆ ಸಣ್ಣ ಊರಿನಲ್ಲಿ ಸಂಜೆಯಾದರೆ ರೊಸೆಲಾಳ ಜೊತೆಗೆ ಇರುತ್ತಿದ್ದುದು ಎದುರಿನ ಖಾಲಿ ಮಂಚ ಮಾತ್ರ.

ಚಿತ್ರಿಸುವ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಈ ಆಟ ನಡೆಯುವುದು ಕೆಲವೇ ಸೆಕೆಂಡಿನ ಸಣ್ಣ ಸಣ್ಣ ಸುತ್ತುಗಳಲ್ಲಿ; ಪ್ರತಿ ಸುತ್ತಿಗೂ ಚೆಂಡಿನ ಮೇಲೆ ಆಟಗಾರ ಬಗ್ಗಿದಾಗ ಕ್ಯಾಮೆರಾ ಶುರು. ರೆಫರಿ ಸೀಟಿ ಊದಿದ ಕೂಡಲೇ ಬಂದ್. ಇಪ್ಪತ್ತೆರಡು ಜನರೂ ಚೌಕಟ್ಟಿನೊಳಗೆ ಇರಬೇಕು.

ರೊಸೆಲಾ ಶುರು ಮಾಡುತ್ತಿದ್ದದ್ದು ಸರಿಯಾಗಿಯೇ. ಬಂದ್ ಮಾಡುವುದರಲ್ಲಿ ಮಾತ್ರ ಮೂರು ಸೆಕೆಂಡು ತಡ! ಸೀಟಿ ಊದಿದ ಮೇಲೆ ಕ್ಯಾಮೆರಾ ತಾನಾಗಿಯೇ ಇಪ್ಪತ್ತೇಳರ ಕಡೆ ತಿರುಗುತ್ತಿತ್ತು. ಬಿದ್ದ ಎದುರಾಳಿಗೆ ಅವನು ಕೈ ಕೊಟ್ಟು ಎಬ್ಬಿಸುವುದು, ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುವುದು, ಒಬ್ಬನೇ ನಡೆದು ಬರುವುದು... ಅಷ್ಟು ನೋಡಿ ಬಂದ್ ಮಾಡುತ್ತಿದ್ದಳು. 'ಯಾರಿಗೆ ಗೊತ್ತಾಗುತ್ತದೆ?' ಎಂದುಕೊಂಡಿದ್ದಳು.

ಏಳನೇ ಪಂದ್ಯದಲ್ಲಿ ಅವನ ಎಡ ಪಾದ ಉಳುಕಿತು. ತಂಡದಿಂದ ಕೈಬಿಟ್ಟಾರೆಂದು ಅವನು ಯಾರಿಗೂ ಹೇಳಲಿಲ್ಲ. ಆಟದಲ್ಲಿ ಹಲ್ಲು ಕಚ್ಚಿ ಓಡುತ್ತಿದ್ದ, ಸೀಟಿ ಊದಿದ ಮೇಲೆ ಎರಡು ಹೆಜ್ಜೆ ಕುಂಟುತ್ತಿದ್ದ. ಅದು ರೊಸೆಲಾ ಒಬ್ಬಳಿಗೇ ಗೊತ್ತಿತ್ತು. ಎರಡೇ ವಾರದಲ್ಲಿ ಕಾಲು ಸರಿಹೋಯಿತು.

ಶುಕ್ರವಾರ ಕ್ಯಾಂಟೀನಿನಲ್ಲಿ ಮೀನು ಕರಿಯುವ ದಿನ. ಅವತ್ತು ಅವನು ತಟ್ಟೆ ಹಿಡಿದು ಅವಳ ಎದುರು ಬಂದು ಕೂರುತ್ತಿದ್ದ. ತಮಾಷೆ, ನಗು, ಪರೀಕ್ಷೆಯ ಮಾತು. ಪ್ರೀತಿಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಜನವರಿಯಲ್ಲಿ ಒಂದು ಶುಕ್ರವಾರ ಅವನು ತಟ್ಟೆಯಿಲ್ಲದೆಯೇ ಓಡಿ ಬಂದ.

"ರೊಸೆಲಾ! ಹೊಸ ಲೀಗ್‌ನೋರು ಫೋನ್ ಮಾಡಿದ್ರು!"

"ಯಾವ್ದು?"

"ವಸಂತದಲ್ಲಿ ಆಡ್ತಾರಲ್ಲ, ಅದು. ದೊಡ್ಡ ಲೀಗ್ ಆದ್ರೆ ಇನ್ನೂ ಒಂದು ವರ್ಷ ನನ್ನ ಸೇರಿಸ್ಕೊಳ್ಳಲ್ಲ. ಸೇರಿಸ್ಕೊಳ್ಳೋ ಕಾಲಕ್ಕೂ ಈ ಮೂಲೆ ಕಾಲೇಜಿಗೆ ಯಾರು ಬರ್ತಾರೆ ಹೇಳು? ಇವ್ರು ಎರಡನೇ ವರ್ಷದವ್ರನ್ನೂ ತಗೋತಾರೆ. ಆಟದ ವಿಡಿಯೊ ಕೇಳಿದ್ದಾರೆ. ಚೆನ್ನಾಗಿರೋ ಮೂವತ್ತು ತುಣುಕು ಜೋಡಿಸಿ ಕೊಡ್ತೀಯಾ?"

"ಹೋದ್ರೆ... ಮತ್ತೆ ಇಲ್ಲಿ ಆಡೋ ಹಾಗಿಲ್ಲ ಅಲ್ವಾ?"

"ಸಹಿ ಹಾಕಿದ್ರೆ ಕಾಲೇಜು ಆಟ ಮುಗೀತು. ಅರಿಜೋನಾಕ್ಕೆ ಹೋಗ್ಬೇಕು."

ರೊಸೆಲಾ ತಟ್ಟೆಯಲ್ಲಿದ್ದ ಮೀನನ್ನು ಆ ಕಡೆ ಈ ಕಡೆ ಸರಿಸಿದಳು. ಮುಖದಲ್ಲಿ ಮಾತ್ರ ನಗು ತಂದುಕೊಂಡಳು.

"ಕೊಡ್ತೀನಿ. ಚೆನ್ನಾಗಿ ಮಾಡಿ ಕೊಡ್ತೀನಿ."

ಎರಡು ದಿನ ವಿಡಿಯೊ ಕೋಣೆಯಲ್ಲಿ ಒಬ್ಬಳೇ ಕೂತು, ಕಣ್ಣೀರು ಒರೆಸಿಕೊಳ್ಳುತ್ತ ಅವನ ಅತ್ಯುತ್ತಮ ಮೂವತ್ತು ಆಟ ಆರಿಸಿದಳು. ಒಂದರಲ್ಲೂ ಮೋಸ ಮಾಡಲಿಲ್ಲ. ಆದರೆ ಸೀಟಿ ಊದಿದ ಮೇಲಿನ ಮೂರು ಸೆಕೆಂಡು ಕತ್ತರಿಸಬೇಕೆನ್ನುವುದು ಹೊಳೆಯಲೇ ಇಲ್ಲ! ಎಷ್ಟೋ ತಿಂಗಳಿನಿಂದ ಹಾಗೇ ನೋಡಿ ನೋಡಿ, ಅದು ಹೆಚ್ಚಿನದು ಎಂದೇ ಅವಳ ಕಣ್ಣಿಗೆ ಅನ್ನಿಸಲಿಲ್ಲ.

ನಾಲ್ಕು ದಿನದ ಮೇಲೆ ಡೆಮೆರಿಕ್ ಆ ಕೋಣೆಯ ಬಾಗಿಲನ್ನು ಧಡಾರನೆ ತೆಗೆದ.

"ಬೇಕಂತಲೇ ಮಾಡ್ದೆ, ಅಲ್ವಾ?"

"ಏ... ಏನು?"

"ಸೀಟಿ ಆದ್ಮೇಲೂ ಯಾರಾದ್ರೂ ಕ್ಯಾಮೆರಾ ಓಡಿಸ್ತಾರಾ? ಎರಡು ತುಣುಕಲ್ಲಿ ಕುಂಟ್ತಾ ಇದ್ದೀನಿ ನಾನು! ಕುಂಟು ಕುದುರೆ ನಮಗ್ಯಾಕೆ ಅಂದ್ರಂತೆ. ಎರಡು ವಾರದಲ್ಲಿ ಆಟಗಾರರ ಪಟ್ಟಿ ಮುಗಿಯುತ್ತೆ. ನಾನು ಹೋಗ್ಬಾರ್ದು ಅಂತ ಅಡ್ಡಗಾಲು ಹಾಕಿದೆಯಾ?"

"ಇಲ್ಲ, ಡೆಮೆರಿಕ್..."

"ಮತ್ತೆ ಯಾಕೆ? ಯಾಕೆ ಓಡಿಸ್ದೆ, ಹೇಳು!"

ಉತ್ತರ ಒಂದೇ ಇತ್ತು. 'ನಿನ್ನನ್ನು ನೋಡುತ್ತಿದ್ದೆ.' ಎದುರು ನಿಂತು ಕಿರುಚುವವನಿಗೆ ಅದನ್ನು ಹೇಗೆ ಹೇಳುವುದು? ಹೇಳಿದರೆ, ಅವನನ್ನು ಉಳಿಸಿಕೊಳ್ಳಲೆಂದೇ ಹೀಗೆ ಮಾಡಿದಳು ಎಂದು ಗಟ್ಟಿಯಾಗುವುದಿಲ್ಲವೇ?

"ತಪ್ಪಾಯ್ತು," ಎಂದಳು ಕೊನೆಗೆ.

"ತಪ್ಪಂತೆ! ನಿನ್ನೊಬ್ಳನ್ನೇ ನಂಬಿದ್ದೆ ನಾನು."

ಮೌನವೇ ಸಮ್ಮತಿ ಎನ್ನುತ್ತಾರಲ್ಲ, ಅವನೂ ಹಾಗೇ ತಿಳಿದುಕೊಂಡು ಹೋದ.

ಆಮೇಲಿನ ದಿನಗಳನ್ನು ಏನು ಹೇಳುವುದು! ಅವನು ದಾರಿ ಬದಲಿಸಿ ನಡೆಯುತ್ತಿದ್ದ. ಅಮ್ಮ ಫೋನ್ ಮಾಡಿ "ಚೆನ್ನಾಗಿದ್ದೀಯಾ ಕಂದಾ?" ಎಂದರೆ, "ಚೆನ್ನಾಗಿದ್ದೀನಿ" ಎಂದು ಇಟ್ಟು, ರೊಸೆಲಾ ದಿಂಬು ಒದ್ದೆ ಮಾಡುತ್ತಿದ್ದಳು.

ಮುಂದಿನ ಶುಕ್ರವಾರ ಅವನು ಕ್ಯಾಂಟೀನಿನ ಆ ತುದಿಯಲ್ಲಿ, ಇವಳು ಈ ತುದಿಯಲ್ಲಿ. ಅಡುಗೆಯ ಮಿಸ್ ಅರ್ನೆಸ್ಟೀನ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಳು. ಮೂವತ್ತು ವರ್ಷದಿಂದ ಆ ಹುಡುಗರಿಗೆಲ್ಲ ಬಡಿಸಿದವಳು.

"ಏನೇ ಕಂದಾ, ಮಧ್ಯ ನದಿ ಹರೀತಿದ್ಯಾ? ಅವನು ಆ ದಡ, ನೀನು ಈ ದಡ?"

"ತಪ್ಪು ನಂದೇ, ಮಿಸ್ ಅರ್ನೆಸ್ಟೀನ್."

"ಹಾಗಾದ್ರೆ ಸರಿ ಮಾಡು. ತಟ್ಟೆ ಮುಂದೆ ಅತ್ರೆ ಉಪ್ಪು ಜಾಸ್ತಿ ಆಗುತ್ತೆ ಅಷ್ಟೇ. ನನ್ನ ಮೀನಿಗೆ ಉಪ್ಪು ಸರಿಯಾಗೇ ಇದೆ!"

ರೊಸೆಲಾ ತಟ್ಟೆ ಬಿಟ್ಟು ಎದ್ದಳು. ಹೌದಲ್ಲ! ಕಾಲು ನೆಟ್ಟಗಿದೆ ಎನ್ನುವುದಕ್ಕೆ ಸಾಕ್ಷಿ ತನ್ನ ಹತ್ತಿರವೇ ಇದೆ. ಕೊನೆಯ ಮೂರು ಪಂದ್ಯಗಳಲ್ಲಿ ಸೀಟಿ ಊದಿದ ಮೇಲಿನ ನೂರೆಂಬತ್ತು ತುಣುಕು! ಒಂದರಲ್ಲೂ ಅವನು ಕುಂಟುವುದಿಲ್ಲ.

ಆದರೆ ಅದನ್ನು ತೋರಿಸಿದರೆ, ಅವಳು ಇಡೀ ವರ್ಷ ಯಾರನ್ನು ನೋಡುತ್ತಿದ್ದಳು ಎಂದು ಎಲ್ಲರಿಗೂ ತಿಳಿಯುತ್ತದೆ. ಲೀಗಿನವರು ನಂಬಿದರೆ ಅವನು ಹೊರಟೇ ಹೋಗುತ್ತಾನೆ. 'ಮಾನವೂ ಹೋಗುತ್ತದೆ, ಅವನೂ ಹೋಗುತ್ತಾನೆ... ಆದರೂ ಅವನ ಕಾಲು ನೆಟ್ಟಗಿದೆ ಎಂದು ಅವರಿಗೆ ಗೊತ್ತಾಗಬೇಕು.' ಮನಸ್ಸು ಗಟ್ಟಿ ಮಾಡಿಕೊಂಡಳು.

ತಂಡದ ಮುಖ್ಯ ಕೋಚ್ ಟಾಲಿವರ್ ಕನ್ನಡಕ ಏರಿಸಿಕೊಂಡು ಇಪ್ಪತ್ತು ನಿಮಿಷ ಆ ತುಣುಕುಗಳನ್ನು ನೋಡಿದರು. ರೊಸೆಲಾ ನೆಲ ನೋಡುತ್ತಿದ್ದಳು.

"ಮಗಾ, ಮೈದಾನದಲ್ಲಿ ಇಪ್ಪತ್ತೆರಡು ಜನ ಇದ್ರು."

"ಹೌದು ಕೋಚ್."

"ಸೀಟಿ ಆದ್ಮೇಲೆ ಒಬ್ನೇ ಕಾಣ್ತಾನೆ."

"...ಹೌದು ಕೋಚ್."

"ಮೂವತ್ತು ವರ್ಷದಲ್ಲಿ ನನ್ನ ಹೆಂಡ್ತಿ ನನ್ನ ಇಷ್ಟು ನೋಡಿಲ್ಲ ಕಣಮ್ಮ!"

ಕೋಚ್ ನಗು ನಿಲ್ಲಿಸಿದರು.

"ಇದನ್ನ ಕಳಿಸಿದ್ರೆ ನಾನು ಒಳ್ಳೇ ಆಟಗಾರನ್ನ ಕಳ್ಕೋತೀನಿ. ನೀನು ಏನು ಕಳ್ಕೋತೀಯ ಅಂತ ನಿನಗೇ ಗೊತ್ತು. ಕಳಿಸ್ಲಾ?"

"ಕಳಿಸಿ ಕೋಚ್. ಅವನಿಗೆ ಮಾತ್ರ ಹೇಳ್ಬೇಡಿ."

ಅವರು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಗುರುವಾರ ಪಟ್ಟಿ ಬಂತು. ಡೆಮೆರಿಕ್ ಹಾಲ್ಕೂಂಬ್, ಹೆಸರಿದೆ! ಹುಡುಗರು ಅವನನ್ನು ಹೆಗಲ ಮೇಲೆ ಎತ್ತಿ ಕುಣಿದದ್ದನ್ನು ರೊಸೆಲಾ ಕಿಟಕಿಯಿಂದ ನೋಡಿದಳು. ಅವನು ಹೇಳಲು ಬರಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರವೂ ಇಲ್ಲ. ಮಂಗಳವಾರ ಅವನ ವಿಮಾನ.

ಭಾನುವಾರ ಅಮ್ಮನ ಲಾರಿ ಹೆದ್ದಾರಿಯ ಹೋಟೆಲಿನ ಹತ್ತಿರ ಒಂದು ಗಂಟೆಗೆ ನಿಲ್ಲುವುದಿತ್ತು. ಎರಡು ತಿಂಗಳ ಮೇಲೆ ಅಮ್ಮನ ಮುಖ! ರೊಸೆಲಾ ಎರಡು ಮೈಲಿ ನಡೆದು ಹೋಗಿ, ಕೋಳಿ ಹುರಿದದ್ದು, ಸೊಪ್ಪಿನ ಪಲ್ಯ, ಜೋಳದ ರೊಟ್ಟಿ ಎಂದು ಎರಡು ತಟ್ಟೆ ಹೇಳಿ ಕಾದಳು.

ತಟ್ಟೆಗಳು ಬಂದವು. ಫೋನೂ ಬಂತು.

"ಕಂದಾ... ದಾರಿ ಬದಲಿಸಿಬಿಟ್ರು ಕಣೇ. ಬರಕ್ಕಾಗಲ್ಲ."

"ಪರ್ವಾಗಿಲ್ಲಮ್ಮಾ. ಹುಷಾರಾಗಿ ಓಡಿಸು."

ಫೋನ್ ಇಟ್ಟಳು. ಸುತ್ತಲೂ ಚರ್ಚಿನಿಂದ ಬಂದ ಸಂಸಾರಗಳು, ಮಕ್ಕಳ ಗಲಾಟೆ. ಅವಳ ಎದುರು ಒಂದು ತುಂಬಿದ ತಟ್ಟೆ, ಒಂದು ಖಾಲಿ ಕುರ್ಚಿ. ಇಷ್ಟು ಹೊತ್ತು ತಡೆದುಕೊಂಡದ್ದು ಈಗ ತಡೆಯಲಾಗಲಿಲ್ಲ.

ಕುರ್ಚಿ ಸರಿದ ಸದ್ದಾಯಿತು. ಡೆಮೆರಿಕ್ ಕೂತಿದ್ದ. ಓಡಿ ಬಂದವನ ಹಾಗೆ ಏದುಸಿರು.

"ಮಿಸ್ ಅರ್ನೆಸ್ಟೀನ್ ಹೇಳಿದ್ರು, ಇಲ್ಲಿದ್ದೀಯ ಅಂತ."

ಅವಳು ಗಡಬಡಿಸಿ ಕಣ್ಣು ಒರೆಸಿಕೊಂಡಳು.

"ನಿನ್ನೆ ಕೋಚ್ ಕೂರಿಸಿ ತೋರಿಸಿದ್ರು," ಎಂದ ಅವನು. "ಕೊನೇ ಮೂರು ಪಂದ್ಯ ಅಷ್ಟೇ ಅಲ್ಲ. ಹನ್ನೊಂದೂ. ಆರುನೂರಕ್ಕಿಂತ ಜಾಸ್ತಿ ಸಲ, ರೊಸೆಲಾ. ಎಲ್ಲಾದ್ರ ಕೊನೇಲೂ ನಾನೇ."

"ಸಾರಿ..."

"ಸಾರಿ ನಾನು ಕೇಳ್ಬೇಕು. ಏನೇನೋ ಕೂಗಾಡ್ಬಿಟ್ಟೆ. ಯಾಕೆ ಸುಮ್ನಿದ್ದೆ? ನನ್ನ ಮುಖಕ್ಕೆ ಒಂದು ಬಿಡಬಾರ್ದಿತ್ತಾ?"

"ಹೇಳಿದ್ರೆ ನೀನು ಹೋಗೋಕೆ ಹಿಂದೆ ಮುಂದೆ ನೋಡ್ತಿದ್ದೆ. ಹೇಳ್ದೇ ಇದ್ರೆ ದ್ವೇಷ ಮಾಡ್ತಿದ್ದೆ. ಎರಡನೇದೇ ವಾಸಿ ಅನ್ನಿಸ್ತು."

ಡೆಮೆರಿಕ್ ಎದುರಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅಜ್ಜಿ ಹೋದ್ಮೇಲೆ ನನ್ನ ಆಟ ನೋಡೋಕೆ ಅಂತ ಒಬ್ರೂ ಬಂದಿಲ್ಲ, ಗೊತ್ತಾ? ಪಂದ್ಯ ಮುಗಿದ್ರೆ ಎಲ್ಲಾರ ಅಪ್ಪ ಅಮ್ಮ ಮೈದಾನಕ್ಕೆ ಇಳೀತಾರೆ. ನಾನು ಬಗ್ಗಿ ಲೇಸ್ ಕಟ್ಕೊಳ್ಳೋ ಹಾಗೆ ನಾಟಕ ಮಾಡ್ತಿದ್ದೆ. ಮೇಲೆ ನೀನಿದ್ದೀಯ, ನನ್ನನ್ನೇ ನೋಡ್ತಿದ್ದೀಯ ಅಂತ ಗೊತ್ತಿದ್ದಿದ್ರೆ... ಕುಂಟ್ತಾನೇ ಇರ್ಲಿಲ್ಲ ನಾನು!"

ಅಳುವಿನ ಮಧ್ಯೆ ರೊಸೆಲಾಳಿಗೆ ನಗು ಬಂದುಬಿಟ್ಟಿತು.

"ಹೋಗ್ತೀಯಲ್ಲ ಮತ್ತೆ?"

"ಹೋಗ್ತೀನಿ. ನೀನು ಇಷ್ಟು ಮಾಡಿ ಕಳಿಸ್ತಿರೋವಾಗ ಹೋಗ್ದೇ ಇದ್ರೆ ನನ್ನಂಥ ದಡ್ಡ ಇಲ್ಲ." ಮೇಜಿನ ಮೇಲಿದ್ದ ಅವಳ ಕೈ ಹಿಡಿದುಕೊಂಡ. "ಜೂನ್‌ಗೆ ಆಟ ಮುಗಿಯುತ್ತೆ. ಮುಗಿದ ದಿನಾನೇ ಬರ್ತೀನಿ. ನಿನ್ನನ್ನ ನೋಡೋಕೆ. ಬೇರೆ ಯಾರಿಗೋಸ್ಕರನೂ ಅಲ್ಲ. ನನಗೆ ನೀನು ಬೇಕು, ರೊಸೆಲಾ."

ಅವಳು ಏನೋ ಹೇಳಹೊರಟಳು. ಅಷ್ಟರಲ್ಲಿ ಮತ್ತೆ ಫೋನು! ಅಮ್ಮ.

"ಕಂದಾ, ಮನಸ್ಸು ತಡೀಲಿಲ್ಲ ಕಣೇ. ನನ್ನ ತಟ್ಟೆ ಹಾಗೇ ಇದ್ಯಾ? ಒಬ್ಳೇ ಕೂತಿದ್ದೀಯಾ?"

"ಇಲ್ಲಮ್ಮಾ... ಒಬ್ರು ಬಂದು ಕೂತಿದ್ದಾರೆ."

"ಯಾರೇ ಅದು?"

ರೊಸೆಲಾ ಎದುರಿನವನನ್ನು ನೋಡಿದಳು. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಒಂದೇ ಉಸಿರಿಗೆ ಹೊರಬಂತು.

"ಡೆಮೆರಿಕ್ ಅಂತ. ನನ್ನವನು, ಅಮ್ಮಾ."

ಆ ಕಡೆಯಿಂದ ಲಾರಿಯ ಹಾರನ್ ಎರಡು ಸಲ ಜೋರಾಗಿ ಕೇಳಿಸಿತು. ಅಮ್ಮ ನಗುತ್ತಲೇ ಫೋನ್ ಇಟ್ಟಳು.

"ಏನಂದೆ ಈಗ?" ಎಂದ ಡೆಮೆರಿಕ್.

"ಕೇಳಿಸ್ತಲ್ಲ."

"ಇನ್ನೊಂದ್ಸಲ ಹೇಳು."

"ಊಟ ಮಾಡು," ಎಂದಳು ರೊಸೆಲಾ, ತಟ್ಟೆಯನ್ನು ಅವನ ಕಡೆ ತಳ್ಳುತ್ತ. "ತಣ್ಣಗಾಗುತ್ತೆ."