ಚನ್ನವ್ವ ಕಾಲೇಜು ಬಿಟ್ಟ ದಿನ

ತಾನು ಕಾಲೇಜು ಬಿಟ್ಟಿರುವ ಸಂಗತಿ ಚನ್ನವ್ವನಿಗೆ ತಿಳಿದದ್ದು ಕಾಲೇಜಿನ ಬಾಗಿಲಲ್ಲಿ.

ದೀಪಾವಳಿ ರಜೆ ಮುಗಿಸಿ ಬೆಳಗಾವಿಗೆ ಹೋಗಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ. ಅವಳ ಹಾಸ್ಟೆಲ್ ಕೋಣೆಯಲ್ಲಿ ಬೇರೊಬ್ಬ ಹುಡುಗಿಯ ಟ್ರಂಕು. ಗುಮಾಸ್ತ ವಿದ್ಯಾನಿಧಿಯಿಂದ ಬಂದ ಒಂದು ಅರ್ಜಿ ತೋರಿಸಿದ. ಮಗಳ ಲಗ್ನ ಗೊತ್ತಾಗಿದೆ, ಓದು ಬಿಡಿಸಿದ್ದೇನೆ ಎಂದು ಅವಳ ತಂದೆ, ಕುಲಗೋಡದ ಕೆಂಚಪ್ಪ, ಬರೆಸಿದಂತಿತ್ತು. ಕೆಳಗೆ ಹೆಬ್ಬೆಟ್ಟು. ತಾರೀಖು ೧೪ ನವೆಂಬರ್ ೧೯೩೮.

ಆ ಅರ್ಜಿಯನ್ನು ಕೇಳಿ ಪಡೆದು ಅವಳು ನೇರ ಗೋಕಾಕಕ್ಕೆ ಬಂದಳು. ಮ್ಯಾಟ್ರಿಕ್‌ಗೆ ಪಾಠ ಹೇಳಿಕೊಟ್ಟ ಶೆಟ್ಟೆವ್ವನ ಮನೆಗೆ.

“ಅಕ್ಕೋರ, ನಾ ಬಿಟ್ಟಿಲ್ಲರಿ.”

“ಗೊತ್ತೈತಿ. ಮೊದಲ ನೀರು ಕುಡಿ. ಎಷ್ಟು ದಿನ ಕೊಟ್ಟಾರ?”

“ಬರೂ ಶನಿವಾರತನಕ. ಅರ್ಜಿ ಸುಳ್ಳಂತ ವಿದ್ಯಾನಿಧಿಯವರು ಬರದುಕೊಟ್ರ ಹೆಸರು ತಿರಿಗಿ ಹಚ್ತಾರಂತ. ಇಲ್ಲಂದ್ರ ವರ್ಷ ಹೋತು. ವರ್ಷ ಹೋದ್ರ ಅಪ್ಪ ಖರೇನ ಲಗ್ನ ಮಾಡಿಬಿಡ್ತಾನ್ರಿ.”

ಚನ್ನವ್ವನ ಫೀ ಕಟ್ಟುತ್ತಿದ್ದದ್ದು ಗೋಕಾಕದ ವಿದ್ಯಾನಿಧಿ. ನಡುವೆ ಓದು ಬಿಟ್ಟವರ ಸಹಾಯಧನ ಪಟ್ಟಿಯಲ್ಲಿ ಮುಂದಿದ್ದವರಿಗೆ ಹೋಗಬೇಕೆಂಬುದು ಅದರ ನಿಯಮ. ನಿಧಿಯ ಕಮಿಟಿಯಲ್ಲಿ ಶೆಟ್ಟೆವ್ವನೂ ಒಬ್ಬಳು. ಫೋಟೋದಲ್ಲಿ ಒಂದು ಸೀರೆಯೂ ಕಾಣಲೆಂದು ಗಂಡಸರು ಅವಳನ್ನು ಸೇರಿಸಿಕೊಂಡಿದ್ದರು. ಮಾತನಾಡಲಿ ಎಂದಲ್ಲ.

*

ಸೋಮವಾರ ಶಾಲೆಗೆ ರಜೆ ಹಾಕಿ ಶೆಟ್ಟೆವ್ವ ಕುಲಗೋಡಕ್ಕೆ ಹೋದಳು. ಮೊದಲ ಸಂಶಯ ತಂದೆಯ ಮೇಲೆಯೇ. ಕೆಂಚಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ.

“ಹೆಬ್ಬಟ್ಟು ಒತ್ತಿ ಕೊಟ್ಟೀರೇನ್ರಿ?”

“ಯಾರಿಗ್ರಿ? ಮೂಡಲಗಿಯಿಂದ ಒಂದು ಗಂಡು ಬಂದಿತ್ತು, ಖರೆ. ಹುಡುಗಿ ಒಲ್ಲೆ ಅಂದ್ಲು, ಕಳಿಸಿಬಿಟ್ಟೆ. ಬಿಡಸೂದಿದ್ರ ಎದುರಿಗೇ ಬಿಡಸ್ತೇನಿ. ನಾ ಏನು ಆಕಿಗೆ ಅಂಜತೇನೇನು?”

“ಅಂಜತಾನ್ರಿ ಅಕ್ಕೋರ!” ಒಳಗಿನಿಂದ ಹೆಂಡತಿ ಕಾಶೆವ್ವ ಕೂಗಿದಳು.

ಬಸ್ಸಿನ ದಾರಿ ಎರಡು ಮೈಲು. ಶೆಟ್ಟೆವ್ವ ಕೆಂಚಪ್ಪನನ್ನು ಗಾಡಿ ಕೇಳಿದಳು.

“ಇವತ್ತ ಸೋಮವಾರ್ರಿ, ಬಸವಣ್ಣನ ದಿನ. ಎತ್ತು ಹೂಡಂಗಿಲ್ಲ. ಇಡೀ ಊರಾಗ ಒಬ್ರೂ ಹೂಡಂಗಿಲ್ಲ. ಕೊಡ್ರಿ, ನಿಮ್ಮ ಚೀಲ ನಾನ ಹೊರ್ತೇನಿ.”

ಇಬ್ಬರೂ ನಡೆದರು. ದಾರಿಯುದ್ದಕ್ಕೂ ಶೆಟ್ಟೆವ್ವ ಬೆರಳು ಮಡಚಿ ತಾರೀಖು ಎಣಿಸುತ್ತಿದ್ದಳು.

*

ಅರ್ಜಿಯ ಅಕ್ಷರ ನಿಧಿಯ ಕಾರಕೂನ ಜಾಫರಸಾಬನದು. ಎರಡನೆಯ ಸಂಶಯ ಅವನ ಮೇಲೆ. ಅವನು ಅಲ್ಲಗಳೆಯಲಿಲ್ಲ.

“ಸೆಕ್ರೆಟರಿ ಸಾಹೇಬ್ರು ಹೇಳಿದ್ರು, ಬರದೆ.”

“ಕೆಂಚಪ್ಪನ್ನ ಕಂಡ್ರೇನು?”

“ಒಳಗ ಕುಂತಾನಂದ್ರು. ನಾ ಹೊರಗಿದ್ದೆ ಅಕ್ಕೋರ. ಹದಿನೈದು ವರ್ಷದ ನೌಕರಿ. ನನ್ನ ಕೇಳಬ್ಯಾಡ್ರಿ.”

ಅವನು ಒಳಕೋಣೆಯ ಬಾಗಿಲ ಕಡೆ ನೋಡಿ ಲೆಕ್ಕದ ಪುಸ್ತಕ ಮುಚ್ಚಿದ. ಅಂಜಿದವನು ಎಂಬುದು ಖಾತ್ರಿ. ಕಳ್ಳನೋ ಅಲ್ಲವೋ, ಖಾತ್ರಿಯಿಲ್ಲ.

*

ಗುರುವಾರ ಕಮಿಟಿ ಕೂಡಿತು. ಅಧ್ಯಕ್ಷರು ಉದ್ದಪ್ಪನವರು, ನಿವೃತ್ತ ಮಾಮಲೇದಾರರು. ಕಾರ್ಯದರ್ಶಿ ಮುರಿಗೆಪ್ಪ, ಬಟ್ಟೆ ಅಂಗಡಿಯವ. ಹಣೆಯ ತುಂಬ ವಿಭೂತಿ. ಬಸವಣ್ಣನ ಮೇಲೆ ಅರ್ಧ ತಾಸು ಭಾಷಣ ಬಿಗಿಯದೆ ಅವನು ಒಂದು ಸಭೆಯನ್ನೂ ಶುರುಮಾಡಿದವನಲ್ಲ. ಅಂದೂ ಬಿಗಿದ.

“ಹೆಬ್ಬಟ್ಟು ನಿಮ್ಮ ಮುಂದ ಒತ್ತಿದ್ನೇನ್ರಿ?” ಶೆಟ್ಟೆವ್ವ ಕೇಳಿದಳು.

“ನನ್ನ ಮುಂದನ. ಹದಿನಾಲ್ಕನೇ ತಾರೀಖು, ಈ ಕುರ್ಚಿ ಬಾಜೂಕ ಕುಂತು.”

“ಕುಲಗೋಡದಿಂದ ಹ್ಯಾಂಗ ಬಂದಿದ್ದ?”

ಗೊತ್ತಿಲ್ಲ ಎಂದಿದ್ದರೆ ಉಳಿಯುತ್ತಿದ್ದ. ಆದರೆ ಮುರಿಗೆಪ್ಪನಿಗೆ ತನ್ನ ಸುಳ್ಳನ್ನು ಸಿಂಗರಿಸಿ ನೋಡುವ ಚಟ.

“ಮತ್ತ ಹ್ಯಾಂಗ ಬರ್ತಾನ್ರಿ ಒಕ್ಕಲಿಗ? ಸ್ವಂತ ಗಾಡಿ ಹೂಡಿಕೊಂಡು ಬಂದಿದ್ದ. ಬಿಳೇ ಎತ್ತು. ಇಲ್ಲೇ ಬೇವಿನ ಗಿಡಕ್ಕ ಕಟ್ಟಿದ್ದ. ಅವಕ್ಕ ಹಿಂಡಿ ನಾನ ತರಿಸಿ ಹಾಕಿದೆ.”

“ನಡಾವಳಿಯೊಳಗ ಬರಸ್ರಿ.”

“ಎತ್ತಿನ ಬಣ್ಣಾನೂ ಬರಸ್ಲೇನ್ರಿ ಅಕ್ಕೋರ?” ಮುರಿಗೆಪ್ಪ ನಕ್ಕ. ಉಳಿದ ಗಂಡಸರೂ ನಕ್ಕರು. ಅವನು ನಕ್ಕಾಗ ನಗುವುದೇ ಅವರ ಕಮಿಟಿ ಕೆಲಸ.

“ಅದನ್ನೂ ಬರಸ್ರಿ. ಕೆಳಗ ಸಹಿ ಮಾಡ್ರಿ.”

ನಗುತ್ತಲೇ ಸಹಿ ಮಾಡಿದ. ಶೆಟ್ಟೆವ್ವ ಗೋಡೆಯ ಕ್ಯಾಲೆಂಡರ್ ತೆಗೆದು ಉದ್ದಪ್ಪನವರ ಮುಂದಿಟ್ಟಳು.

“ಹದಿನಾಲ್ಕು ಯಾವ ವಾರ, ಓದ್ರಿ.”

“ಸೋಮವಾರ.”

ಓದಿದವರು ಕನ್ನಡಕ ತೆಗೆದು ಮುರಿಗೆಪ್ಪನ ಕಡೆ ತಿರುಗಿದರು. ಅವರದು ಆರೆತ್ತಿನ ಒಕ್ಕಲುತನ.

“ಮುರಿಗೆಪ್ಪ, ಸೋಮವಾರ ಗಾಡಿ ಹೂಡಿದ್ನೇನು? ಕುಲಗೋಡದಾಗ?”

“ಅಲ್ಲಲ್ಲ... ಬಸ್ಸಿಗೆ ಬಂದಿರಬೇಕ್ರಿ.”

“ಸಹಿ ಮಾಡೀರಿ,” ಎಂದಳು ಶೆಟ್ಟೆವ್ವ.

ಆಮೇಲೆ ಒಂದೊಂದಾಗಿ ಬಿಡಿಸಿಟ್ಟಳು. ಮುರಿಗೆಪ್ಪನ ಮನೆಯಲ್ಲಿ ಮೂರು ತಲೆಮಾರಿನಿಂದ ಎತ್ತಿಲ್ಲ. ಸೋಮವಾರವೂ ಅವನ ಅಂಗಡಿ ತೆರೆದಿರುತ್ತದೆ. ಬಸವಣ್ಣ ಅವನಿಗೆ ಭಾಷಣದ ವಿಷಯ ಮಾತ್ರ. ಬಸವಣ್ಣನ ದಿನ ಎತ್ತಿಗೆ ಬಿಡುವು ಎಂಬುದು ಕೊಟ್ಟಿಗೆ ಇದ್ದವರ ನೆನಪು. ಇನ್ನು ಹೆಬ್ಬೆಟ್ಟು. ಬೇಕೆಂದೇ ಹೊರಳಿಸಿ ಒತ್ತಿ, ಒಂದು ಗೆರೆಯೂ ಕಾಣದಂತೆ ಮಸಿ ಮಾಡಿದ್ದು. ಒಪ್ಪಿ ಒತ್ತುವವನು ಗೆರೆ ಯಾಕೆ ಅಡಗಿಸುತ್ತಾನೆ?

“ಅಕ್ಷರ ಜಾಫರಸಾಬಂದ್ರಿ! ಅವನ್ನ ಕೇಳ್ರಿ!” ಮುರಿಗೆಪ್ಪ ಕಿರುಚಿದ.

ಮೂಲೆಯಲ್ಲಿ ಜಾಫರಸಾಬ ಎದ್ದು ನಿಂತ. “ಕೇಳ್ರಿ. ಸಾಹೇಬ್ರು ಹೊರಗ ಬಂದಾಗ ಮಸಿ ಅವರ ಹೆಬ್ಬಟ್ಟಿಗೆ ಇತ್ತು. ಅವರ ಹಿಂದ ಯಾರೂ ಬರಲಿಲ್ಲ. ಅಂಜಿ ಸುಮ್ಮನಿದ್ದೆ.”

“ಯಾಕ ಮಾಡಿದ?” ಎಂದರು ಉದ್ದಪ್ಪನವರು.

“ಪಟ್ಟಿಯೊಳಗ ಮುಂದಿನ ಹೆಸರು ನೋಡ್ರಿ,” ಎಂದಳು ಶೆಟ್ಟೆವ್ವ.

ಹುಕ್ಕೇರಿಯ ಸೋಮಪ್ಪ. ಮುರಿಗೆಪ್ಪನ ಅಕ್ಕನ ಮಗ. ಎರಡು ಸಲ ನಪಾಸಾದವ. ಚನ್ನವ್ವನ ಫೀಯಲ್ಲಿ ಆಗಲೇ ಬೆಳಗಾವಿಗೆ ಹೋಗಿ ಕೂತಿದ್ದ.

ಮುರಿಗೆಪ್ಪ ಬೆವರು ಒರೆಸಿಕೊಂಡ. ವಿಭೂತಿಯೂ ಹೋಯಿತು. ಉದ್ದಪ್ಪನವರು ಕೆಮ್ಮಿದರು.

“ಮಂದ್ಯಾಗ ನಿಧಿ ಮರ್ಯಾದಿ ಹೋಗತೈತಿ. ಪ್ರಕೃತಿ ನೆಟ್ಟಗಿಲ್ಲಂತ ಇವನ ರಾಜೀನಾಮೆ ತಗೊಂಡು ಮುಗಿಸೋಣು.”

“ಹಂಗ ಬರದ್ರ ಶನಿವಾರ ಹುಡುಗಿ ಹೆಸರು ಹೋಗತೈತಿ. ಇವರ ಪ್ರಕೃತಿ ನೆಟ್ಟಗ ಐತ್ರಿ, ನೀಯತ್ತು ನೆಟ್ಟಗಿಲ್ಲ. ಇದ್ದದ್ದು ಬರೀರಿ. ಇಲ್ಲಂದ್ರ ಈ ನಡಾವಳಿ ಹಿಡಕೊಂಡು ನಾ ಫೌಜದಾರರ ಕಡೆ ಹೋಗ್ತೇನಿ.”

ಮರ್ಯಾದಸ್ಥರಿಗೆ ಒಮ್ಮೆಲೇ ಸತ್ಯದ ಮೇಲೆ ಪ್ರೀತಿ ಬಂತು. ಜಾಫರಸಾಬ ಬರೆದ: ಕೆಂಚಪ್ಪನ ಅರ್ಜಿ ಸುಳ್ಳು, ಕಾರ್ಯದರ್ಶಿ ಮುರಿಗೆಪ್ಪ ಸೃಷ್ಟಿಸಿದ್ದು. ಎಲ್ಲರೂ ಸಹಿ ಹಾಕಿದರು.

ಚನ್ನವ್ವ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಕಾಗದವನ್ನು ಎರಡು ಸಲ ಓದಿದಳು.

“ಟಪಾಲಿಗೆ ಹಾಕ್ಲೇನವಾ?” ಜಾಫರಸಾಬ ಕೈ ಚಾಚಿದ.

“ಬ್ಯಾಡ್ರಿ ಕಾಕಾ,” ಎಂದು ಅವಳು ಎದ್ದಳು. “ಹಿಂದಿನ ಕಾಗದ ನಾ ಇಲ್ಲದಾಗ ಹೋಗಿತ್ತು. ಇದರ ಸಂಗಾಟ ನಾನ ಹೋಗ್ತೇನಿ.”