ಬೂಷ್ಟವ್ವನೂ ಜೋಗುಳದ ಕ್ಯಾಸೆಟ್ಟೂ

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲಕ್ಕೆ ಕಿನ್ನರಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಕ್ಯಾಸೆಟ್ಟುಗಳಿದ್ದವು. ಹೇಗೆ ಬಂದವು ಅಂತ ಕೇಳಬೇಡಿ, ಇದ್ದವು. ಕೂಸು ಹುಟ್ಟಿದರೆ ಅದರ ಅಜ್ಜಿಯ ದನಿಯಲ್ಲಿ ಜೋಗುಳ ಕೇಳಿಸಬೇಕು, ಆಮೇಲೇ ಹೆಸರು. ಅಜ್ಜಿ ತೀರಿಕೊಂಡಿದ್ದರೆ ಅವಳ ಕ್ಯಾಸೆಟ್ಟು ಹಾಡಬೇಕು. ಹುಣ್ಣಿಮೆ ಚಂದ್ರ ಮೇಲೇರುವುದರೊಳಗೆ ಹೆಸರು ಸಿಗದ ಕೂಸು ಬೂಷ್ಟವ್ವನ ಪಾಲು.

ಬೂಷ್ಟವ್ವ ಮಾಟಗಾತಿ. ಅವಳು ಒಮ್ಮೆ ಉಫ್ ಅಂತ ಊದಿದಳು. ರಾಜ್ಯದ ಕ್ಯಾಸೆಟ್ಟುಗಳಿಗೆಲ್ಲ ಬಿಳಿ ಬೂಷ್ಟು ಹತ್ತಿತು, ದನಿ ಸತ್ತಿತು.

ಊರೂರು ತಿರುಗಿ ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಮಾಳಿಂಗ ತಂಗಿ ಹೊಳೆವ್ವನ ಮನೆಗೆ ಬಂದ. ತೊಟ್ಟಿಲಲ್ಲಿ ಹೆಸರಿಲ್ಲದ ಕೂಸು. ಮಾಳಿಗೆ ಮೇಲೆ ತೀರಿಕೊಂಡ ಅವ್ವನ ಕ್ಯಾಸೆಟ್ಟಿನ ರೀಲು, ಮಾರುಗಟ್ಟಲೆ ಹರವಿಕೊಂಡಿದೆ.

"ಏನ ಮಾಡೀದಿ ಹೊಳೆವ್ವಾ ಇದು?"

"ಬೂಷ್ಟು ಹಿಡಿದಿತ್ತಲ್ಲಣ್ಣ. ಶಂಡಿಗಿ ಜೋಡಿ ಒಣಾ ಹಾಕೀನಿ."

"ಶಂಡಿಗಿ ಜೋಡಿ! ಎಣ್ಣ್ಯಾಗ ಕರದು ತಿನ್ನೂದೊಂದ ಉಳದೈತಿ!"

ಬಿಸಿಲಿಗೆ ರೀಲು ಸುಕ್ಕಾಗಿ ಮುರುಟಿತ್ತು. ಹೊಳೆವ್ವ ಅತ್ತಳು. "ಹುಣ್ಣಿಮಿ ಹತ್ತರ ಬಂತಣ್ಣ. ಕೂಸನ್ನ ಉಳಿಸು." ಮಾಳಿಂಗ ರೀಲು ಸುತ್ತಿ ರುಮಾಲಲ್ಲಿ ಕಟ್ಟಿಕೊಂಡು, ಅದನ್ನು ಸರಿಮಾಡುವವರನ್ನು ಹುಡುಕುತ್ತ ಕಾಡಿಗೆ ನಡೆದ.

ಮೊದಲು ಇರುವೆಗಳ ರಾಣಿ ಸಿಕ್ಕಳು. "ಬೂಷ್ಟು ನೆಕ್ಕಿ ತೆಗೀತೀವಿ. ಆದರೆ ಅಷ್ಟು ಹೊತ್ತು ನಿನ್ನ ಕಾಲು ಕಚ್ಚತೀವಿ, ಹಾರಾಡಬಾರದು."

"ಕಚ್ಚರಿ, ಹೆಂಗೂ ತಿರುಗಿ ತಿರುಗಿ ಚರ್ಮ ದಪ್ಪ ಆಗೈತಿ," ಅಂದ ಮಾಳಿಂಗ. ಕಣ್ಣಲ್ಲಿ ನೀರು ಬಂದರೂ ಹಾರಾಡಲಿಲ್ಲ. ಬೂಷ್ಟು ಹೋಯಿತು.

ಆಮೇಲೆ ಹೆಬ್ಬಾವು ಸಿಕ್ಕಿತು. "ರೀಲನ್ನ ನನ್ನ ತಣ್ಣನೆ ಮೈಗೆ ಸುತ್ತು, ಸುಕ್ಕು ಬಿಡತೈತಿ. ಆದರೆ ನೀ ಕುಂತಲ್ಲೇ ಕುಂತಿರಬೇಕು. ಎದ್ದರೆ ನುಂಗತೀನಿ."

ಇದು ಇರುವೆ ಕಚ್ಚಿದ್ದಕ್ಕಿಂತ ಕಷ್ಟವಾಯಿತು. ಒಂದೂರಲ್ಲಿ ಎರಡು ಊಟ ಮಾಡದ ಕಾಲು ಅವನದು. ಹಾದಿ ಕಂಡರೆ ಪಾದ ತುರಿಸುತ್ತಿತ್ತು. ಕೂಸಿನ ಮುಖ ನೆನೆದು ನೆನೆದು ಕೂತ. ರೀಲು ರೇಷ್ಮೆಯಂತೆ ನೆಟ್ಟಗಾಯಿತು.

ಕೊನೆಗೆ ಕೊಳದಲ್ಲಿ ಹಂಸ ಸಿಕ್ಕಿತು. ಹಾಲು ನೀರು ಬೇರೆ ಮಾಡುವ ಹಂಸವೇ. ರೀಲನ್ನು ಕೊಕ್ಕಿನಲ್ಲಿ ಹಿಡಿದು ಕೇಳಿತು. "ಇದರಾಗ ಹಾಡೈತಿ, ಕೆಮ್ಮೈತಿ, ಪಾತ್ರಿ ಸಪ್ಪಳೈತಿ, ಬೆಕ್ಕಿನ ಕೂಗೂ ಐತಿ, ಬೂಷ್ಟವ್ವ ಊದಿದ ಗೊರಗೊರ ಸದ್ದೂ ಐತಿ. ಹಾಡಷ್ಟ ಇಟ್ಟು ಉಳಿದದ್ದು ತೆಗೀಲಾ? ಅರಸರ ಮನ್ಯಾಗೂ ಇಂಥಾ ಕ್ಯಾಸೆಟ್ ಇರಂಗಿಲ್ಲ."

ಮಾಳಿಂಗನಿಗೆ ಆಸೆಯಾಯಿತು. ಆಮೇಲೆ ತಲೆಯಾಡಿಸಿದ. "ಬ್ಯಾಡ. ಕೆಮ್ಮು ನಮ್ಮವ್ವಂದು, ಪಾತ್ರಿನೂ ನಮ್ಮವು. ಬೂಷ್ಟವ್ವನ ಗೊರಗೊರ ಅಷ್ಟ ತೆಗಿ."

ಹಂಸ ಗೊರಗೊರವನ್ನಷ್ಟೇ ಹೀರಿ ಕೊಳಕ್ಕೆ ಉಗುಳಿತು.

ಮಾಳಿಂಗ ಓಡಿ ಬಂದಾಗ ಹುಣ್ಣಿಮೆಯ ಸಂಜೆ. ರೀಲನ್ನು ಕ್ಯಾಸೆಟ್ಟಿನ ಹೊಸ ಡಬ್ಬಿಗೆ ಏರಿಸಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಅವ್ವನ ದನಿ ಎಮ್ಮೆ ಕೂಗಿದಂತೆ ಬಂತು. ಉಗುರಿನಿಂದ ಸಣ್ಣ ತಿರುಪು ಹಗೂರಕ್ಕೆ ತಿರುವಿದ. ದನಿ ತಿಳಿಯಾಯಿತು.

"ಹಾಲು ಉಕ್ಕ್ಯಾವ ಕೂಸೆ, ಹೊಲ ನಕ್ಕಾವ ಕೂಸೆ..."

ಅರ್ಧ ಹಾಡಿಗೇ ಬೂಷ್ಟವ್ವ ಒಳಗೆ ಬಂದಳು. "ಚಂದ್ರ ಮೂಡಾಕತ್ತಾನ. ಹಾಡು ಮುಗಿಯೂದರಾಗ ಮ್ಯಾಲೇರತಾನ. ಕೊಡ್ರಿ ಇಲ್ಲೆ." ಬಿಳಿ ಕೈ ತೊಟ್ಟಿಲಿಗೆ ಚಾಚಿದಳು. ಹೊಳೆವ್ವ ಕೂಸಿನ ಮೇಲೆ ಬೋರಲು ಬಿದ್ದಳು.

ಕ್ಯಾಸೆಟ್ಟಿನಲ್ಲಿ ಪಾತ್ರೆ ಉರುಳಿತು. ಅವ್ವ ಹಾಡು ನಿಲ್ಲಿಸಿ ಗದರಿದಳು:

"ಏ ಕಳ್ಳಬೆಕ್ಕ! ಹಾಲಿಗೆ ಬಾಯಿ ಹಾಕ್ತಿ? ನಡಿ ಹೊರಗ! ಮತ್ತ ಹೊಸ್ತಿಲ ತುಳದೀ ಅಂದ್ರ ನೋಡು!"

ಜೋಗುಳದ ನಡುವೆ ಅಜ್ಜಿ ಆಡಿದ ಮಾತು ಮೀರುವ ಶಕ್ತಿ ಆ ರಾಜ್ಯದಲ್ಲಿ ರಾಜನಿಗೂ ಇಲ್ಲ, ಮಾಟಗಾತಿಗೂ ಇಲ್ಲ. ಬೂಷ್ಟವ್ವ ನಿಂತಲ್ಲೇ ಬಿಳಿ ಬೆಕ್ಕಾದಳು. ಬಾಲ ಮುದುರಿಕೊಂಡು ಹೊಸ್ತಿಲು ಹಾರಿ ಹೋದವಳು ಇವತ್ತಿಗೂ ತಿರುಗಿ ಬಂದಿಲ್ಲ. ಮನೆಮನೆಯ ಕ್ಯಾಸೆಟ್ಟಿನ ಬೂಷ್ಟೆಲ್ಲ ಹಿಟ್ಟಿನಂತೆ ಉದುರಿತು.

ಅವ್ವ ಒಮ್ಮೆ ಕೆಮ್ಮಿ, ಬಿಟ್ಟಲ್ಲಿಂದ ಹಾಡು ಹಿಡಿದಳು. ಚಂದ್ರ ಮರದ ತುದಿ ದಾಟಿ ಮೇಲೇರುವ ಮೊದಲೇ ಮುಗಿಸಿದಳು.

ಮಾಳಿಂಗ ಕೂಸಿನ ಕಿವಿಯಲ್ಲಿ ಹೇಳಿದ: "ಬಂಗಾರೆವ್ವ."

ಬಂಗಾರೆವ್ವ ಆಕಳಿಸಿ ನಿದ್ದೆ ಹೋದಳು. ಕಿನ್ನರಗಿರಿಯಲ್ಲಿ ಎಲ್ಲರೂ ಆವತ್ತು ಹಾಗೇ ಹಾಯಾಗಿ ಮಲಗಿದರು. ಈ ಕತೆ ಕೇಳಿದವರ ಮನೆಯ ಕೂಸುಗಳೂ ಹಾಗೇ ಮಲಗಲಿ.